ಡೋಲಿ ಜೋಡಿ

ಎಲ್ಲರೂ ಹತ್ತುವ ಬೆಟ್ಟದ ಪಕ್ಕದಲ್ಲೇ ಖಾಸಗಿ ರೆಸಾರ್ಟ್ ಎದ್ದಿತು. ಆ ಬೆಟ್ಟದ ಮೆಟ್ಟಿಲುಗಳ ಮೇಲೆ ವಯಸ್ಸಾದವರನ್ನು ಡೋಲಿಯಲ್ಲಿ ಹೊರುತ್ತಿದ್ದ ನಿಂಗಯ್ಯ, ಪುಟ್ಟಮಲ್ಲರದು ಇಪ್ಪತ್ತು ವರ್ಷದ ಜೋಡಿ. ಇಬ್ಬರ ಹೆಗಲೂ ಒಂದೇ ಎತ್ತರ. ಇಲ್ಲದಿದ್ದರೆ ಡೋಲಿ ವಾಲುತ್ತದೆ.

ಒಂದು ಬೆಳಿಗ್ಗೆ ಪುಟ್ಟಮಲ್ಲ ಹೊಸ ಬೂಟು ಮೆಟ್ಟಿಕೊಂಡು ರೆಸಾರ್ಟಿನ ಗೇಟಿನಿಂದ ಹೊರಗೆ ಬಂದ. ಅಲ್ಲಿನ ಅತಿಥಿಗಳಿಗೂ ಡೋಲಿ ಬೇಕಂತೆ, ತಿಂಗಳ ಸಂಬಳವಂತೆ.

"ಸೋಮವಾರದ ಗಂಟ ತಡ್ಕೊ ನಿಂಗಣ್ಣ, ನಿಂಗೊಂದು ವಿಷ್ಯ ಹೇಳ್ತೀನಿ" ಎಂದು ನಕ್ಕ.

ಆ ಬೂಟು, ಆ ನಗು ಕಂಡು ನಿಂಗಯ್ಯನಿಗೆ ಹೊಟ್ಟೆ ಉರಿದುಹೋಯಿತು. ಮಧ್ಯಾಹ್ನವೇ ರೆಸಾರ್ಟಿನ ಮ್ಯಾನೇಜರ ಮುಂದೆ ನಿಂತ.

"ಸಾಮಿ, ಪುಟ್ಟಮಲ್ಲನ ಮಂಡಿ ಸವೆದೋಗಿದೆ. ಯಾರನ್ನಾದ್ರೂ ಬೀಳಿಸ್ತಾನೆ."

"ನಿಮಗೆ ಹೇಗೆ ಗೊತ್ತು?"

"ಜೊತೇಲಿ ಹೊತ್ತೋನಲ್ವಾ ನಾನು."

ಮ್ಯಾನೇಜರು ಪುಸ್ತಕ ತೆಗೆದು ಒಂದು ಹೆಸರು ಹೊಡೆದುಹಾಕಿದರು.

"ಅವನ ಜಾಗಕ್ಕೆ ನಾನೇ ಬತ್ತೀನಿ ಸಾಮಿ."

"ನಿಮ್ಮ ಹೆಸರು?"

"ನಿಂಗಯ್ಯ."

ಮ್ಯಾನೇಜರು ಅದರ ಕೆಳಗಿನ ಸಾಲನ್ನೂ ಹೊಡೆದುಹಾಕಿದರು.

"ಜೋಡಿ ಮುರಿದ ಮೇಲೆ ನೀವೊಬ್ಬರೇ ಹೇಗೆ ಹೊರ್ತೀರಿ? ನೀವಿಲ್ಲದೆ ಕೆಲಸಕ್ಕೆ ಬರಲ್ಲ ಅಂತ ಹಟ ಮಾಡಿ, ನಿಮ್ಮ ಹೆಸರನ್ನೂ ಪುಟ್ಟಮಲ್ಲ ಅವರೇ ಬರೆಸಿದ್ದರು."