ವಿತೋರೆಯ ಮನೆಗೆ ಉಕ್ಕಿನ ಬಾಗಿಲು

ಚೌಕಟ್ಟು ಕೂರಲಿಲ್ಲ. ಸ್ಪಿರೋ ಅದನ್ನು ಮತ್ತೊಮ್ಮೆ ಹೊರಗೆಳೆದು ಗೋಡೆಗೆ ಒರಗಿಸಿ, ಮೊಣಕೈಯಿಂದ ಬೆವರು ಒರೆಸಿಕೊಂಡ.

“ಇವತ್ತು ಆಗಲ್ಲ ಅಮ್ಮಾ. ಹಳೇ ಕಲ್ಲುಗೋಡೆ, ಬಸುರಿ ಥರ ಹೊಟ್ಟೆ ಮುಂದೆ ಮಾಡ್ಕೊಂಡು ನಿಂತಿದೆ. ಕೆತ್ತಬೇಕು. ನಾಳೆ ಬೆಳಿಗ್ಗೆ ಬೇಗ ಬರ್ತೀನಿ.”

“ನಾಳೆ ಬಂದ್ರೆ ನಿನ್ನ ಬಾಗಿಲಿಗೆ ಇಲ್ಲಿ ಕೆಲಸ ಇರಲ್ಲ,” ಎಂದಳು ವಿತೋರೆ.

ಅವಳು ಅವನ ಚೀಲದಿಂದ ಉಳಿ, ಸುತ್ತಿಗೆ ಎತ್ತಿಕೊಂಡು ತಾನೇ ಗೋಡೆ ಒಡೆಯತೊಡಗಿದಳು. ಒಂದು ಏಟು ತಪ್ಪಿ ಹೆಬ್ಬೆರಳು ಜಜ್ಜಿತು. ರಕ್ತ ಒಸರಿದರೂ ಕೈ ನಿಲ್ಲಲಿಲ್ಲ. ಸ್ಪಿರೋ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಉಳಿಯನ್ನು ಅವಳ ಕೈಯಿಂದ ತೆಗೆದುಕೊಂಡ.

ಅಲ್ಬೇನಿಯಾದ ಉತ್ತರದಲ್ಲಿ, ಶ್ಕೋದ್ರ ಊರಿನ ಅಂಚಿನಲ್ಲಿತ್ತು ಆ ಮನೆ. ಅದಕ್ಕೂ ನದಿಯಾಚೆಯ ಇನ್ನೊಂದು ಮನೆಗೂ ರಕ್ತದ ವೈರ, ಹೆಣಕ್ಕೆ ಹೆಣ. ಪಾದ್ರಿ ಎರಡೂ ಕಡೆ ಓಡಾಡಿ ಬೆಸಾ ಹಿಡಿಸಿದ್ದರು: ಈ ಸಂಜೆ ಸೂರ್ಯ ಮುಳುಗುವವರೆಗೆ ಯಾರೂ ಬಂದೂಕು ಎತ್ತುವುದಿಲ್ಲವೆಂಬ ಮಾತು. ಇನ್ನೊಂದು ತಿಂಗಳು ಬೇಕೆಂದು ಅವರು ಅಂಗಲಾಚಿದರು. ಗಂಡಸರು ಒಪ್ಪಲಿಲ್ಲ. ಈ ಮನೆಯಿಂದ ಒಂದು ಹೆಣ ಆಗಲೇ ಹೊರಗೆ ಹೋಗಿತ್ತು, ವಿತೋರೆಯ ಗಂಡನದು. ಉಳಿದ ಗಂಡಸರು ಇಬ್ಬರೇ: ಈಗಷ್ಟೇ ಮೀಸೆ ದಟ್ಟವಾಗುತ್ತಿರುವ ಮಗ ಪಾಶ್ಕೋ, ಕಣ್ಣಿಗೆ ಪೊರೆ ಬಂದಿರುವ ಮೈದುನ ದೋದೆ.

ಮಗನನ್ನಾದರೂ ಉಳಿಸಿಕೊಳ್ಳಬೇಕು. ವಿತೋರೆಗೆ ಬೇರೇನೂ ತಲೆಗೆ ಹತ್ತುತ್ತಿರಲಿಲ್ಲ. ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಕಿಟಕಿಯಿಲ್ಲ. ಗೋಡೆ ಗುಂಡು ತೂರದಷ್ಟು ದಪ್ಪ. ಗಾಳಿಗೆ ಕೊಳವೆ ಹಾಕಿಸಿದ್ದಳು. ನೀರಿನ ಡಬ್ಬಗಳು, ರೊಟ್ಟಿ, ಗಿಣ್ಣು ಒಳಗೆ ಸೇರಿದ್ದವು. ಬಾಗಿಲೊಂದು ಬಾಕಿ.

“ನಮ್ಮ ದಕ್ಷಿಣದ ಕಡೆ ಇಂಥ ಬಾಗಿಲನ್ನ ಬಂಗಾರ ಇಡೋಕೆ ಹಾಕಿಸ್ತಾರೆ,” ಎಂದ ಸ್ಪಿರೋ, ಕಲ್ಲಿನ ಪುಡಿ ಊದುತ್ತ. “ನೀವು ಮಗನನ್ನ ಇಡೋಕೆ.”

“ನನ್ಹತ್ರ ಬಂಗಾರ ಇಲ್ಲ,” ಎಂದಳು ಅವಳು.

ದೋದೆ ಕಾಫಿ ತಂದ. ಸ್ಪಿರೋಗೆ ಮರ್ಯಾದೆಯಿಂದ ಕೈಗೆ ಕೊಟ್ಟ. ಪಾಶ್ಕೋಗೆ ಕೊಡುವಾಗ ಮಾತ್ರ ಕಾಲೆತ್ತಿ, ಮಂಡಿಯ ಕೆಳಗಿನಿಂದ ಬಟ್ಟಲು ಚಾಚಿದ. ಸ್ಪಿರೋ ನಕ್ಕುಬಿಟ್ಟ.

“ಇದೆಂಥ ಉಪಚಾರ ಯಜಮಾನ್ರೇ?”

“ಇನ್ನೂ ಗಂಡಸಾಗದೋರಿಗೆ ನಮ್ಮಲ್ಲಿ ಹೀಗೇ,” ಎಂದ ದೋದೆ. “ಇವತ್ತೊಂದಿನ ಕುಡ್ಕೋ ಮರಿ. ನಾಳೆ ಕೈಗೇ ಕೊಡ್ತೀನಿ.”

ಪಾಶ್ಕೋನ ಕಿವಿ ಕೆಂಪಾಯಿತು. ತಲೆ ತಗ್ಗಿಸಿ ಒಂದೇ ಗುಟುಕಿಗೆ ಕುಡಿದ. ದೋದೆ ಉಕ್ಕಿನ ಹಲಗೆಯನ್ನು ಕೈಯಿಂದ ತಡವಿ ತಟ್ಟಿದ.

“ಭೇಷ್ ಅತ್ತಿಗೆ. ಇಷ್ಟು ವರ್ಷಕ್ಕೆ ಒಂದು ಒಳ್ಳೇ ಕೆಲಸ ಮಾಡ್ದೆ. ನಾಳೆಯಿಂದ ಬೇಕೇ ಬೇಕು ಇದು.”

ದೋದೆ ಕೋಲು ಊರಿಕೊಂಡು ಕಾಫಿ ಅಂಗಡಿಯ ಗೆಳೆಯರ ಬಳಿ ಹೋದ. ಕತ್ತಲಾದ ಮೇಲೆ ಬರುತ್ತೇನೆಂದ.

ಬಿಸಿಲು ಗೋಡೆಯ ತುದಿಗೆ ಏರುವಾಗ ಚೌಕಟ್ಟು ಕೊನೆಗೂ ಕೂತಿತು. ಮೊಳೆಗಳು ಕಲ್ಲಿನೊಳಕ್ಕೆ ಹೋದವು. ಬಾಗಿಲು ಸದ್ದಿಲ್ಲದೆ ತಿರುಗಿತು. ಸ್ಪಿರೋ ಒಳಗಡೆಯ ಚಕ್ರ ತೋರಿಸಿದ.

“ಒಳಗಿರೋರು ಇದನ್ನ ತಿರುಗಿಸಿ ಹೊರಗೆ ಬರೋದು. ಹಿಡಿದಿರೋದು ಈ ಒಂದು ಪಿನ್ನು. ಇದು ಬಿದ್ದುಹೋದ್ರೆ ಎಷ್ಟು ತಿರುಗಿಸಿದ್ರೂ ಬಾಗಿಲು ಅಲ್ಲಾಡಲ್ಲ. ಹುಷಾರು.”

“ಇನ್ನೊಂದ್ಸಲ ತೋರಿಸು.”

ತೋರಿಸಿದ. ಅವಳು ಹೊರಗಿನ ಬೀಗಕ್ಕೆ ಅಂಕಿ ಹಾಕುವಾಗ ಬೆನ್ನು ತಿರುಗಿಸಿ ನಿಂತ. ಆಮೇಲೆ ಸೂರ್ಯನ ಕಡೆ ನೋಡಿ, ಲಗುಬಗೆಯಿಂದ ಚೀಲ ತುಂಬಿಕೊಂಡ.

“ದೇವರು ನಿಮ್ಮ ಹುಡುಗನನ್ನ ಕಾಪಾಡ್ಲಿ ಅಮ್ಮಾ.”

“ನೀನು ಕಾಪಾಡ್ದೆ,” ಎಂದಳು.

ಗಾಡಿಯ ಸದ್ದು ದೂರವಾಯಿತು. ಅವಳು ಉಗ್ರಾಣದೊಳಗೆ ಹೋಗಿ, ಬೇಗನೆ ಹೊರಗೆ ಬಂದು ಮಗನನ್ನು ಕರೆದಳು.

“ಹಾಸಿಗೆ ಒಳಗೆ ಹಾಕಪ್ಪ. ನನ್ನ ಕೈ ಜಜ್ಜಿದೆ.”

“ಈಗ್ಲೇ ಯಾಕಮ್ಮಾ? ನಾಳೆ ಹಾಕಿದ್ರಾಯ್ತು.”

“ಈಗ್ಲೇ ಹಾಕು. ಆ ಪಿಸ್ತೂಲು ಇಲ್ಲಿಟ್ಟು ಹೋಗು, ಸೊಂಟಕ್ಕೆ ಚುಚ್ಚುತ್ತೆ.”

ಪಾಶ್ಕೋ ಗೊಣಗುತ್ತಲೇ ಅಪ್ಪನ ಪಿಸ್ತೂಲನ್ನು ಮೇಜಿನ ಮೇಲಿಟ್ಟ. ಹಾಸಿಗೆ ತಲೆಯ ಮೇಲೆ ಹೊತ್ತು ಬಾಗಿ ಒಳಗೆ ಹೋದ. ವಿತೋರೆ ಎರಡೂ ಕೈಯಿಂದ ಬಾಗಿಲು ತಳ್ಳಿ ಬೀಗ ತಿರುಗಿಸಿದಳು. ಉಕ್ಕಿನ ಸರಳುಗಳು ಕಲ್ಲಿನೊಳಗೆ ಇಳಿದವು.

ಒಳಗೆ ಚಕ್ರ ಗರಗರನೆ ಸುಮ್ಮನೆ ತಿರುಗಿತು.

“ಅಮ್ಮಾ? ಇದು ಹಿಡೀತಾ ಇಲ್ಲ. ತೆಗಿ!” ಕೊಳವೆಯಿಂದ ಅವನ ದನಿ ಬಂತು. “ಹೊತ್ತು ಮುಳುಗ್ತಿದೆ ಅಮ್ಮಾ! ನಿನಗೇನು ಹುಚ್ಚಾ? ಹೊರಗೆ ಒಬ್ಬಳೇ ಏನ್ಮಾಡ್ತೀಯ?”

ಉಕ್ಕಿನ ಮೇಲೆ ಗುದ್ದು ಬಿತ್ತು, ಮತ್ತೆ ಬಿತ್ತು. ಅವಳು ಹಣೆಯನ್ನು ತಣ್ಣನೆಯ ಹಲಗೆಗೆ ಒತ್ತಿ ನಿಂತಳು. “ಬಯ್ಯೋ ಕಂದಾ, ಎಷ್ಟು ಬೇಕೋ ಬಯ್ಯಿ,” ಎಂದಳು, ಅವನಿಗೆ ಕೇಳದಷ್ಟು ಮೆಲ್ಲಗೆ.

ಕಿಟಕಿಯಾಚೆ ಬೆಟ್ಟದ ತುದಿಯಲ್ಲಿ ಬೆಳಕು ಆರಿತು. ಅವಳು ಫೋನು ಎತ್ತಿಕೊಂಡು, ಪಾದ್ರಿಯ ಕಾಲು ಹಿಡಿದು ಪಡೆದಿದ್ದ ನಂಬರು ಒತ್ತಿದಳು. ನದಿಯಾಚೆಯ ಮನೆಯಲ್ಲಿ ಯಾರೋ ಎತ್ತಿದರು. “ಯಾರು?” ಎಂದಿತು ಹೆಂಗಸೊಬ್ಬಳ ದನಿ.

“ಮ್ರೀಕೆ, ನಾನು ವಿತೋರೆ. ನಿನ್ನ ಮಗನನ್ನ ಈಗ್ಲೇ ಹೊರಡಿಸು, ಹಡಗು ಹತ್ತಿ ದೇಶ ಬಿಡ್ಲಿ. ಅವನನ್ನ ಕೊಲ್ಲೋಕೆ ಹೊರಟಿದ್ದೋನನ್ನ ನಾನು ಕೂಡಿಹಾಕಿದ್ದೀನಿ.”