ಖಾಲಿ ಬಿದ್ದ ಹೆಸರು

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಮೊನ್ನೆ, ಹೆಸರುಗಳನ್ನು ಮಾರಿ ಬದುಕುವ ಯಜಮಾನನೊಬ್ಬನಿದ್ದ. ಅವನ ಬಳಿ ಮಾತಿನ ಮಲ್ಲರ ಒಂದು ದಂಡೇ ಇತ್ತು. ಈ ಕಥೆ ಶುರುವಾಗುವ ಹೊತ್ತಿಗೆ ದಂಡು ಕರಗಿ, ಉಳಿದವಳು ಒಬ್ಬಳೇ ಹುಡುಗಿ. ಅವಳನ್ನೂ ಇವತ್ತು ಸಂಜೆ ಸಾಗಹಾಕುವುದೆಂದು ಯಜಮಾನ ತೀರ್ಮಾನಿಸಿಬಿಟ್ಟಿದ್ದ.

"ಏನಮ್ಮಾ ಅಜ್ಜಿಕಥೆ, ಬೋಣಿ ಆಯ್ತಾ?" ಗಾಜಿನ ಕೋಣೆಯಿಂದ ಕೂಗಿದ. ಮಾತೆತ್ತಿದರೆ ಕಥೆ ಕಟ್ಟುವವಳು ಅಂತ ಅವಳಿಗೆ ಅವನಿಟ್ಟ ಅಡ್ಡಹೆಸರು ಅದು.

"ಇನ್ನೂ ಇಲ್ಲ ಸರ್."

"ಇವತ್ತು ಒಂದು ಹೆಸರಾದ್ರೂ ಹೋಗ್ಲಿಲ್ಲಾಂದ್ರೆ ನಾಳೆಯಿಂದ ಬರೋದು ಬೇಡ."

"ಮಾರಿಯೇ ಏಳ್ತೀನಿ ಸರ್." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಹಿಂದಿನ ಎರಡು ಕೆಲಸಗಳೂ ಕೈಬಿಟ್ಟಿದ್ದವು. "ಈ ಸಲನಾದ್ರೂ ನಿಲ್ಲು ತಾಯಿ, ನಿನ್ನ ಭಾವನ ಮುಂದೆ ನಾನೆಷ್ಟು ಸಲ ತಲೆ ತಗ್ಗಿಸಲಿ?" ಎಂದು ಅಕ್ಕ ಬೆಳಿಗ್ಗೆಯಷ್ಟೇ ಅಂದಿದ್ದಳು.

ಅಲ್ಲಿ ಮಾರುತ್ತಿದ್ದದ್ದು ವೆಬ್‌ಸೈಟುಗಳ ಹೆಸರು. ಹೆಸರಿಗೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಮರೆತರೆ ಖಾಲಿ ಬೀಳುತ್ತದೆ, ಕಂಡವರು ಎತ್ತಿಕೊಳ್ಳುತ್ತಾರೆ. ಅಂಥವನ್ನು ಹೆಕ್ಕಿ, ಹೊಂದುವ ಅಂಗಡಿಯವರನ್ನು ಹುಡುಕಿ ಮಾರುವುದೇ ಯಜಮಾನನ ಕಸುಬು. ಮೊದಲು ಫೋನು, ಆಮೇಲೆ ಬೆಲೆ ಬರೆದ ಮೇಲ್, ಆಮೇಲೆ ಗಿರಾಕಿಯ ಉತ್ತರಕ್ಕೆ ಕಾಯುವುದು. ಇತ್ತೀಚೆಗೆ ಕಾಯುವುದೊಂದೇ ನಡೆದಿತ್ತು. ಉತ್ತರ ಬರುವುದು ನಿಂತೇಹೋಗಿತ್ತು.

"ಸರ್, ನಮ್ಮ ಮೇಲ್‌ಗೇ ಏನೋ ಆಗಿರಬಹುದಾ?" ಒಮ್ಮೆ ಕೇಳಿದ್ದಳು.

"ಕುಣಿಯಲಾರದವಳಿಗೆ ನೆಲ ಡೊಂಕು," ಎಂದಿದ್ದ. ಮೇಲ್ ತೆರೆದು ನೋಡುವುದು ಕೆಲಸದವರ ಕೆಲಸ ಎಂಬುದು ಅವನ ನಂಬಿಕೆ.

ಇಂಥದ್ದನ್ನೆಲ್ಲ ಕೇಳಬೇಕೆಂದರೆ ಕಚೇರಿಯ ಲೆಕ್ಕ ಬರೆಯುತ್ತಿದ್ದ ಲೆಕ್ಕದ ಅಕ್ಕ ಇರಬೇಕಿತ್ತು. "ನಾಲ್ಕು ಬಿಲ್ ಕಟ್ಟೋಕೆ ಒಬ್ಬಳು ಬೇರೆ ದಂಡ" ಎಂದು ಯಜಮಾನ ಅವರನ್ನು ಬಿಡಿಸಿದ್ದ. ಅವರ ಕುರ್ಚಿಯಲ್ಲೀಗ ಅವನ ಕೊಡೆ ಕೂರುತ್ತಿತ್ತು.

ಅವಳು ಹೂವಿನಂಗಡಿಯ ಒಡತಿಗೆ ಫೋನು ಹಚ್ಚಿದಳು.

"ಅಯ್ಯೋ, ಆಗಲೇ ಉತ್ತರ ಬರೆದೆನಲ್ಲಮ್ಮ! ನೀವೇ ಮಾತಾಡಲಿಲ್ಲ. ನಾನು ಬೇರೆ ಹೆಸರು ತಗೊಂಡೆ."

'ಉತ್ತರ ಬರೆದೆ ಅನ್ನೋ ಗಿರಾಕಿ, ಊಟ ಆಯ್ತು ಅನ್ನೋ ನೆಂಟ, ಇಬ್ಬರನ್ನೂ ನಂಬಬಾರದು.' ಇದು ಯಜಮಾನ ಕಲಿಸಿದ ಮೊದಲ ಪಾಠ. ಅವಳು ನಿಟ್ಟುಸಿರು ಬಿಟ್ಟು ಬೀಗ ರಿಪೇರಿಯವನಿಗೆ ಫೋನು ಮಾಡಿದಳು. ಅವನು ಹರಿಹಾಯ್ದ.

"ತಮಾಷೆ ಮಾಡ್ತೀರೇನ್ರೀ? ಹೂಂ ಅಂತ ಬರೆದ್ರೆ ವಾಪಸ್ ಬರುತ್ತೆ. ಮತ್ತೆ ಬರೆದ್ರೆ ಮತ್ತೆ ವಾಪಸ್. ಮೊದಲು ನಿಮ್ಮ ಬಾಗಿಲು ತೆಗೆದಿಟ್ಕೊಳ್ಳಿ, ಆಮೇಲೆ ವ್ಯಾಪಾರ!"

ಪಟ್ಟನೆ ಇಟ್ಟುಬಿಟ್ಟ.

ಹುಡುಗಿಯ ಕಣ್ಣು ಹನಿಗೂಡಿತು. ದಿನವೆಲ್ಲ ಗಂಟಲು ಹರಿದುಕೊಂಡು ದಕ್ಕಿದ್ದು ಬೈಗುಳ. ಕಣ್ಣೊರೆಸಿಕೊಂಡು ಪರದೆಯತ್ತ ತಿರುಗಿದಳು. ಆಮೇಲೆ ಏನನ್ನೋ ಹುಡುಕಿದಳು. ಪರ್ಸಿನಿಂದ ತನ್ನ ಕಾರ್ಡ್ ತೆಗೆದಳು. ಮನಸ್ಸು ಕೆಟ್ಟಾಗ ಏನಾದರೂ ಕೊಂಡು ಸಮಾಧಾನಪಟ್ಟುಕೊಳ್ಳುವವರು ಲೋಕದಲ್ಲಿ ಬಹಳ ಮಂದಿ.

"ಶಾಪಿಂಗಾ?" ಯಜಮಾನ ಬೆನ್ನ ಹಿಂದೆ ನಿಂತಿದ್ದ.

ಅವಳು ಬೆಚ್ಚಿ ಪರದೆ ಮುಚ್ಚಿದಳು. "ಚಿಕ್ಕದೊಂದು, ಸರ್. ಅಗ್ಗಕ್ಕೆ ಸಿಕ್ತು."

"ಮನೆಗೆ ಬೆಂಕಿ ಬಿದ್ದಾಗ ಮೀಸೆ ತಿರುವೋದು ಅಂದ್ರೆ ಇದೇ. ಬಾ ಒಳಗೆ. ಆ ಕಂಪ್ಯೂಟರ್ ಇಲ್ಲೇ ಬಿಟ್ಟು ಹೋಗ್ಬೇಕಲ್ಲ, ಅದನ್ನೂ ತಗೊಂಡು ಬಾ."

ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಹೋದಳು. ಯಜಮಾನ ಕುರ್ಚಿಗೆ ಒರಗಿ ಕಾಲು ಚಾಚಿದ. ಕಳಿಸುವ ಮುನ್ನ ಪ್ರತಿಯೊಬ್ಬರಿಂದಲೂ ಅವನು ಒಂದು ಆಟ ಆಡಿಸುತ್ತಿದ್ದ: ತಾನೇ ಗಿರಾಕಿಯಾಗಿ ಕೂತು, ಅವರಿಂದ ಮಾರಿಸಿ, ಸೋಲಿಸಿ, ನಕ್ಕು ಕಳಿಸುವುದು.

"ನಾನು ಗಿರಾಕಿ. ನನ್ನ ಹೆಸರು ಖಾಲಿ ಬಿದ್ದಿದೆ ಅಂತಿಟ್ಕೋ. ನನ್ನ ಬಾಯಲ್ಲಿ 'ಕೊಂಡೆ' ಅನ್ನಿಸಿದ್ರೆ ನಿನ್ನ ಕೆಲಸ ನಿನ್ನದು."

"ನಿಜವಾಗ್ಲೂ, ಸರ್?"

"ಮಾತಂದ್ರೆ ಮಾತು. ಹೂಂ, ಶುರು."

"ನಮಸ್ಕಾರ ಸರ್. ನಿಮ್ಮ ಹೆಸರು ಈಗ ನನ್ನ ಹತ್ರ ಇದೆ."

"ಇದ್ರೆ ನನಗೇನ್ರೀ? ಬಾಗಿಲ ಮೇಲೆ ಬೋರ್ಡಿದೆ."

"ಬೋರ್ಡು ನೋಡಿ ಜನ ಬರ್ತಾರೆ ಸರ್, ಮೇಲ್ ಬರಲ್ಲ. ಬರೆದವರದ್ದು ವಾಪಸ್ ಹೋಗ್ತಿದೆ."

"ಹೋಗ್ಲಿ. ಹೊಸ ಹೆಸರು ಇಟ್ಕೋತೀನಿ."

"ಬೆಳೆದ ಮಗನಿಗೆ ಮತ್ತೆ ನಾಮಕರಣ ಮಾಡಿದ್ರೆ ಓಣಿಯವರು ಹಳೇ ಹೆಸರಲ್ಲೇ ಕೂಗ್ತಾರೆ ಸರ್. ಆ ಹೆಸರಿಗೆ ಆಗ 'ಓ' ಅನ್ನೋನು ಬೇರೆಯವನು. ನಿಮ್ಮ ಗಿರಾಕಿ, ನಿಮ್ಮ ಮರ್ಯಾದೆ ಎರಡೂ ಅವನದು."

ಯಜಮಾನ ಹೊಟ್ಟೆ ಕುಲುಕಿಸಿ ನಕ್ಕ.

"ಇಷ್ಟು ದಿನ ಎಲ್ಲಿತ್ತೇ ಈ ನಾಲಿಗೆ? ಬೆಲೆ ಹೇಳು."

"ನನ್ನ ಕೆಲಸ ನನಗೆ, ಲೆಕ್ಕದ ಅಕ್ಕನ ಕುರ್ಚಿ ಅವರಿಗೆ. ನಾನು ಕೊಟ್ಟ ದುಡ್ಡು ಮಾತ್ರ ಕೊಡಿ, ಲಾಭ ಬೇಡ."

"ಎಂಥ ಗಿರಾಕಿನೂ ಬೀಳ್ತಾನೆ ಬಿಡು. ಕೊಂಡೆ ಕಣಮ್ಮ, ಕೊಂಡೆ! ಆಟ ಮುಗೀತು. ಅಂದ ಹಾಗೆ, ಯಾವ ಪೆದ್ದನ ಹೆಸರು ಮನಸ್ಸಲ್ಲಿಟ್ಕೊಂಡು ಮಾತಾಡಿದೆ?"

ಹುಡುಗಿ ಪರದೆ ತೆರೆದು ಅವನತ್ತ ತಿರುಗಿಸಿದಳು: ಇದೇ ಕಚೇರಿಯ ಹೆಸರು, ಬಾಡಿಗೆ ಕಟ್ಟದೆ ಖಾಲಿ ಬಿದ್ದು ಈಗಷ್ಟೇ ಮಾರಾಟವಾಗಿತ್ತು, ಒಡತಿ ಅವಳೇ.