ಎರಡು ಸೀಟಿನ ಕಾರು

ಇಂಜಿನ್ ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಶೆಡ್ಡಿನ ತೊಲೆಗೆ ಕಟ್ಟಿದ ಚೈನ್ ಪುಲ್ಲಿಯನ್ನು ಮಗಳು ಎಳೆದಷ್ಟೂ ಕಾರಿನ ಮೂತಿಯೇ ನೆಲ ಬಿಟ್ಟು ಏಳುತ್ತಿತ್ತು. ಕಣ್ಣಿಗೆ ಕಂಡ ಬೋಲ್ಟುಗಳನ್ನೆಲ್ಲ ಬಿಚ್ಚಿ ತಟ್ಟೆಗೆ ಹಾಕಿದ್ದಾಗಿತ್ತು. ಬಾಗಿಲ ಬಳಿ ಸ್ಟೂಲಿನ ಮೇಲೆ ಅಪ್ಪ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಒಂದು ಗಂಟೆಯಿಂದ ಪಿಟ್ಟೆನ್ನದೆ ಕೂತಿದ್ದ.

ಆ ಕೆಂಪು ಸ್ಪೋರ್ಟ್ಸ್ ಕಾರು ಅವನದು. ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾಗ, ಗುಜರಿಗೆ ಹೊರಟಿದ್ದನ್ನು ತಡೆದು ಮನೆಗೆ ತಂದು, ರಜೆಯ ದಿನಗಳನ್ನೆಲ್ಲ ಅದರಡಿಯಲ್ಲಿ ಅಂಗಾತ ಮಲಗಿಯೇ ಕಳೆದು, ಅದಕ್ಕೆ ಜೀವ ಕೊಟ್ಟಿದ್ದ. ಅದು ಹೊರಟರೆ ಗುಡುಗು ಇಡೀ ಬೀದಿಗೆ ಕೇಳುತ್ತಿತ್ತು. ಈಗ ಅವನ ಶ್ವಾಸಕೋಶವೇ ಸೋತಿತ್ತು. ಪೆಟ್ರೋಲ್ ಹೊಗೆ ಒಂದಿಷ್ಟು ಸೋಕಿದರೆ ಸಾಕು, ಕೆಮ್ಮಿ ಕೆಮ್ಮಿ ಕಣ್ಣುಗುಡ್ಡೆ ಮೇಲಾಗುತ್ತಿತ್ತು. ಆ ಕಾರನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ಮಗಳು ಲಿಫ್ಟ್ ರಿಪೇರಿಯವಳು. ಮೋಟರಿನ ಕೆಲಸವೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಅಪಘಾತದಲ್ಲಿ ಜಜ್ಜಿಹೋಗಿದ್ದ ಎಲೆಕ್ಟ್ರಿಕ್ ವ್ಯಾನೊಂದರಿಂದ ಮೋಟರು, ಬ್ಯಾಟರಿ ಎರಡನ್ನೂ ಹೊಂದಿಸಿಕೊಂಡು ಬಂದು ಅವಳು ಇಂಜಿನ್ ತೆಗೆದು ಅವನ್ನು ಕೂರಿಸುವ ಮಾತು ತೆಗೆದ ದಿನ ಅಪ್ಪ ಕೆಂಡವಾಗಿದ್ದ.

"ಸತ್ತ ಹುಲಿ ಹೊಟ್ಟೇಲಿ ಹುಲ್ಲು ತುಂಬಿ ನಿಲ್ಲಿಸ್ತಾರಲ್ಲ, ಹಾಗಾಗತ್ತೆ. ನಾನು ಹೋದ ಮೇಲೆ ಏನು ಬೇಕಾದ್ರೂ ಮಾಡ್ಕೋ."

"ನೀನು ಇರುವಾಗಲೇ ಓಡಿಸ್ಲಿ ಅಂತಲೇ ಕಣಪ್ಪ ನಾನು ಮಾಡ್ತಿರೋದು," ಎಂದಿದ್ದಳು. ಮರುದಿನ ಬೆಳಿಗ್ಗೆ ಕಾರಿನ ಬೀಗದ ಕೈ ಅವಳ ಟೂಲ್ ಬಾಕ್ಸಿನ ಮೇಲಿತ್ತು. ಅದು ಒಪ್ಪಿಗೆಯೋ ಮುನಿಸೋ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಈಗ ಅವಳು ಬೆವರೊರೆಸಿಕೊಂಡು ಹಾರೆ ಕೈಗೆತ್ತಿಕೊಂಡಳು. ಸಂದಿಗೆ ತುರುಕಿ ಮೀಟುವುದೊಂದೇ ಉಳಿದಿದ್ದ ದಾರಿ.

"ಹಾರೆ ಕೆಳಗಿಡು."

ಅವಳು ತಿರುಗಿ ನೋಡಿದಳು. ಅಪ್ಪ ಮಾಸ್ಕನ್ನು ಗಲ್ಲಕ್ಕೆ ಇಳಿಸಿದ್ದ. "ಗೇರ್‌ಬಾಕ್ಸ್ ಸೇರೋ ಕಡೆ, ಹಿಂದೆ, ಮೇಲ್ಗಡೆ ಕೈ ಹಾಕು. ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗತ್ತೆ. ಅಲ್ಲೊಂದು ಕಬ್ಬಿಣದ ಪಟ್ಟಿ ಇದೆ. ಹಿಂದೊಮ್ಮೆ ಬಿರುಕು ಬಿಟ್ಟಾಗ ನಾನೇ ಹಾಕಿದ್ದು."

"ಮೊದಲೇ ಹೇಳಬಾರದಿತ್ತಾ? ನನ್ನ ರಟ್ಟೆ ಬಿದ್ದುಹೋಯ್ತು."

"ಸುಸ್ತಾಗಿ ಬಿಟ್ಟುಬಿಡ್ತೀಯೇನೋ ಅಂತ ಕಾದೆ," ಎಂದ ಅಪ್ಪ. "ನೀನು ಬಿಡೋ ಪೈಕಿ ಅಲ್ಲ."

ಪಟ್ಟಿ ಬಿಚ್ಚಿದ ಮೇಲೆ ಇಂಜಿನ್ ಹಗುರಾಗಿ ಮೇಲೆದ್ದು ಸರಪಳಿಯಲ್ಲಿ ತೂಗಾಡಿತು. ಅಪ್ಪ ಎದ್ದು ಬಂದು ಅದಕ್ಕೆ ಅಂಗೈ ಆನಿಸಿ, ತೂಗಾಟ ನಿಲ್ಲಿಸಿ, ಹಲಗೆಯ ಮೇಲೆ ಇಳಿಯುವವರೆಗೂ ಅದರ ಜೊತೆಗೇ ಬಗ್ಗಿದ. ಇಳಿದ ಮೇಲೂ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮಗಳು ಬೇಕೆಂದೇ ತಟ್ಟೆಯಲ್ಲಿದ್ದ ಬೋಲ್ಟುಗಳನ್ನು ಎಣಿಸುತ್ತ ನಿಂತಳು.

ಮರುದಿನದಿಂದ ಸ್ಟೂಲು ಬಾಗಿಲು ದಾಟಿ ಶೆಡ್ಡಿನೊಳಗೆ ಬಂತು. ನಾಲ್ಕು ತಿಂಗಳು, ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ಅವಳು ವೈರು ಎಳೆದಳು, ಬ್ಯಾಟರಿಗಳಿಗೆ ಪೆಟ್ಟಿಗೆ ಕೂರಿಸಿದಳು. ಮೋಟರನ್ನು ಗೇರ್‌ಬಾಕ್ಸಿಗೆ ಜೋಡಿಸುವ ದಪ್ಪ ತಗಡನ್ನು ಮಾತ್ರ ಅಪ್ಪ ಯಾರಿಗೂ ಮುಟ್ಟಗೊಡಲಿಲ್ಲ. ಹತ್ತು ಸಲ ಅರದಿಂದ ಉಜ್ಜುವುದು, ನಿಲ್ಲಿಸಿ ಉಸಿರೆಳೆದುಕೊಳ್ಳುವುದು, ಮತ್ತೆ ಹತ್ತು. ಅಂತೂ ಅದು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತ ದಿನ, "ಹುಲ್ಲು ತುಂಬೋದಕ್ಕೂ ಕೈ ಪಳಗಿರಬೇಕು," ಎಂದು ಗೊಣಗಿದ.

ಪರೀಕ್ಷೆ, ಕಾಗದಪತ್ರ ಎಲ್ಲ ಮುಗಿದು ಒಂದು ಭಾನುವಾರ ಬೆಳಿಗ್ಗೆ ಕಾರು ರಸ್ತೆಗಿಳಿಯಿತು. ಸ್ಟೀರಿಂಗಿಗೆ ಅಪ್ಪ, ಪಕ್ಕದಲ್ಲಿ ಮಗಳು. ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಎರಡು ಸಲ ಹುಡುಕಿ ಸುಮ್ಮನಾಯಿತು. ತಿರುವಿನಲ್ಲಿ ಮಲಗಿದ್ದ ನಾಯಿಗೆ ಕಾರು ಮೂತಿಯ ಹತ್ತಿರ ಬಂದು ನಿಂತರೂ ಎಚ್ಚರವಾಗಲಿಲ್ಲ. ಹಾರನ್ ಹೊಡೆದೇ ಎಬ್ಬಿಸಬೇಕಾಯಿತು.

"ಕೆರೆ ಕಡೆ ಹೋಗೋಣವಾ?" ಅಪ್ಪ ಗಂಟಲು ಹರಿಯುವಂತೆ ಕೂಗಿದ. ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

"ಅಪ್ಪಾ, ಇಲ್ಲೇ ಇದ್ದೀನಲ್ಲ, ಯಾಕೆ ಕಿರುಚ್ತೀಯ?"

"ಅಭ್ಯಾಸ," ಎಂದು ಅವನು ನಾಚಿದ.

ಏರು ಬಂತು. ಕಾರು ಏದುಸಿರಿಲ್ಲದೆ ಹತ್ತಿತು. ಟೈರು ಜಲ್ಲಿಯ ಮೇಲೆ ಹೊರಳುವುದು, ಎಲ್ಲೋ ಒಂದು ಕಿಟಕಿ ತೆರೆದದ್ದು, ಎಲ್ಲವೂ ಕೇಳುತ್ತಿತ್ತು. ಕೆಮ್ಮು ಬರಲಿಲ್ಲ. ಮಗಳು ಬ್ಯಾಟರಿಯ ಮುಳ್ಳು ನೋಡುತ್ತ ತನ್ನಷ್ಟಕ್ಕೆ, "ಇನ್ನೂ ಮುಕ್ಕಾಲು ಪಾಲು ಇದೆ," ಎಂದಳು. ಅಪ್ಪ ಚಕ್ಕನೆ ಅವಳ ಕಡೆ ತಿರುಗಿ, ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ.

"ಏನಾಯ್ತಪ್ಪ? ಉಸಿರು ಕಟ್ತಿದೆಯಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ನಿಮ್ಮಮ್ಮ ಸಾಯೋವರೆಗೂ ಅದೇ ಸೀಟಲ್ಲಿ ಕೂತು ನನ್ನ ಜೊತೆ ಸುತ್ತಿದಳು. ದಾರಿಯುದ್ದಕ್ಕೂ ಏನೋ ಒಂದು ಹೇಳ್ತಾನೇ ಇರ್ತಿದ್ದಳು. ನಾನು ಹೂಂ ಅಂತಿದ್ದೆ."

"ಏನು ಹೇಳ್ತಿದ್ಲು?"

ಅಪ್ಪ ಸ್ಟೀರಿಂಗಿನ ಮೇಲಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಒಂದೂ ಕೇಳಿಸ್ತಿರಲಿಲ್ಲ, ಮಗಳೇ."